ಒಂಬತ್ತನೆಯ ಪ್ರಶ್ನೆಯ ಜಾಗದಲ್ಲಿ ನಿಮ್ಮ ನಗು

ಹೂಡಿಕೆದಾರರ ತಿಳಿವಳಿಕೆ ವಿಭಾಗದ ಮುಖ್ಯಾಧಿಕಾರಿಗಳೂ, ಕೈಪಿಡಿಯ ನಟ್ಟನಡುವೆ ಕುಳಿತು ನಗುತ್ತಿರುವವರೂ ಆದ ಮಾನ್ಯರೇ,

ನಿಮ್ಮ ಫೋಟೋಗೆ ಜಾಗ ಬೇಕೆಂದು ನೀವು ಒಂದು ಪ್ರಶ್ನೆಯನ್ನು ಕಿತ್ತುಹಾಕಿಸಿದಿರಿ. ಆ ಪ್ರಶ್ನೆಗೆ ಉತ್ತರ ಸಿಗದೆ ನನ್ನ ತಂಗಿಯ ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದು ಅರ್ಧ ಹೋಯಿತು. ನನ್ನ ದೂರು ಇಷ್ಟೇ. ನಿಮ್ಮ ಕಚೇರಿಯಲ್ಲಿ ಯಾವ ಅರ್ಜಿಗೂ ತಲೆಯ ಮೇಲೆ 'ವಿಷಯ' ಎಂಬ ಸಾಲು ಬೇಕಂತೆ. ಮೇಲಿನ ಮೊದಲ ಎರಡು ವಾಕ್ಯಗಳನ್ನೇ ಅಲ್ಲಿ ತುಂಬಿಸಿಕೊಳ್ಳಿ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲವೆಂದರೆ ಚಿಂತೆಯಿಲ್ಲ. ಅದಕ್ಕೆಂದೇ ಇದನ್ನು ನಿಮ್ಮ ಟಪಾಲಿಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರು ಓದುತ್ತಾರೆ.

ಅಧಿಕಾರಿಗಳಿಗೆ ಬರೆದು ನನಗೆ ಅಭ್ಯಾಸವಿಲ್ಲ. ಮೊನ್ನೆ ನಿಮ್ಮ ಕಚೇರಿಗೆ ಬರೆದ ಒಂದನ್ನು ಬಿಟ್ಟರೆ, ಎಪ್ಪತ್ತಮೂರು ವರ್ಷದಲ್ಲಿ ನಾನು ಬರೆದ ಕಾಗದಗಳೆಲ್ಲ ನೆಂಟರಿಗೆ. ಅಕ್ಕನ ಮಕ್ಕಳಿಗೆ, ಷಡ್ಡಕನಿಗೆ, ಮುನಿಸಿಕೊಂಡ ಬೀಗರಿಗೆ. ಮೊಣಕಾಲು ನೋವು ಹೇಗಿದೆ, ಮಗು ನಡೆಯುತ್ತದೆಯೇ, ಗಂಡ ಹೆಂಡತಿ ಮಾತು ಬಿಟ್ಟಿದ್ದೀರಂತೆ, ಸಾಕು ಮಾಡಿ, ಇಂಥವು. ಈ ಕಾಗದದಲ್ಲೂ ಕೈತಪ್ಪಿ ಎಲ್ಲಾದರೂ ನಿಮ್ಮ ಆರೋಗ್ಯ ವಿಚಾರಿಸಿಬಿಟ್ಟಿದ್ದರೆ ದಯವಿಟ್ಟು ಅದನ್ನು ಹೊಡೆದುಹಾಕಿಕೊಂಡು ಓದಿ. ಅದು ರೂಢಿ, ಕಾಳಜಿಯಲ್ಲ.

ನಾನು ಬೈಂಡರ್. ಶಾಲೆಯ ಮುಖ ನೋಡಿದ್ದು ಎರಡು ವರ್ಷ. ಅಕ್ಷರ ಕಲಿತದ್ದು ಅಚ್ಚುಕೂಟದ ನೆಲದ ಮೇಲೆ, ಅಚ್ಚಾದ ಹಾಳೆಗಳನ್ನು ಮಡಿಸಿ ಅನುಕ್ರಮವಾಗಿ ಜೋಡಿಸುತ್ತಾ. ನನಗೆ ಮೊದಲು ಬಂದದ್ದು ಅಂಕಿ. ಅಕ್ಷರ ಅದರ ಹಿಂದೆ ಬಂತು. ಪುಸ್ತಕದೊಳಗೆ ಹೋಗುವ ಹಾಳೆಗಳನ್ನು ಒಂದೊಂದೂ ಓದಿ ಓದಿ ನಾಲ್ಕು ಜನರಿಗೆ ಕಾಗದ ಬರೆದುಕೊಡುವಷ್ಟಾದೆ. ಹೊರಗೆ ಬಿದ್ದ ಹಾಳೆಯನ್ನು ಮಾತ್ರ ಓದುವ ಅಭ್ಯಾಸ ನನಗಿರಲಿಲ್ಲ. ಪುಸ್ತಕದಿಂದ ತೆಗೆದದ್ದು ಎಂದರೆ ಬೇಡದ್ದು ಎಂದೇ ಐವತ್ತು ವರ್ಷ ನಂಬಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀವು ಈ ಕುರ್ಚಿಗೆ ಬರುವ ಮುನ್ನವೇ ನಿಮ್ಮ ವಿಭಾಗದ ಕೈಪಿಡಿ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗಿ, ಮಡಿಸಿ, ಪಿನ್ನು ಹೊಡೆಸಿಕೊಂಡು ಕಟ್ಟುಕಟ್ಟಾಗಿ ಕುಳಿತಿತ್ತು. 'ಅನಿಶ್ಚಿತ ಮಾರುಕಟ್ಟೆಯಲ್ಲಿ ಹೂಡಿಕೆದಾರರು ಸಾಮಾನ್ಯವಾಗಿ ಕೇಳುವ ಹನ್ನೆರಡು ಪ್ರಶ್ನೆಗಳು.' ಆಗ ಮಾರುಕಟ್ಟೆ ದಿನಾ ಬೀಳುತ್ತಿತ್ತು, ಜನ ದಿನಾ ಕೇಳುತ್ತಿದ್ದರು. ಅಷ್ಟರಲ್ಲಿ ನೀವು ಅಧಿಕಾರ ವಹಿಸಿಕೊಂಡಿರಿ. ಬಂದ ಮೂರನೆಯ ದಿನ ನಮ್ಮ ಮಾಲೀಕರಿಗೆ ಫೋನು ಬಂತು. ಅವರಿಗೆ ಕಿವಿ ಸ್ವಲ್ಪ ಮಂದ, ಫೋನಿನ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಆದ್ದರಿಂದ ಎರಡೂ ಕಡೆಯ ಮಾತು ಇಡೀ ಪ್ರೆಸ್ಸಿಗೆ ಕೇಳುತ್ತದೆ.

"ನನ್ನ ಸಂದೇಶ ಒಂದು, ಫೋಟೋ ಒಂದು ಸೇರಿಸಬೇಕಲ್ಲಾ."

"ಪುಸ್ತಕ ಆಗಿಹೋಗಿದೆ ಸಾರ್. ಸೇರಿಸಬೇಕು ಅಂದ್ರೆ ಒಂದು ಹಾಳೆ ಕಿತ್ತು ಆ ಜಾಗದಲ್ಲಿ ಅಂಟಿಸಬೇಕು. ಮೊದಲನೇ ಹಾಳೆ ತೆಗೀಲಾ?"

"ಅಯ್ಯೋ, ಅಲ್ಲಿ ದೊಡ್ಡ ಸಾಹೇಬರಿದ್ದಾರೆ ಕಣ್ರೀ, ಅದನ್ನ ಮುಟ್ಟಬೇಡಿ. ಮಧ್ಯದಲ್ಲಿ ಯಾವುದಾದ್ರೂ ತೆಗೀರಿ. ಒಂಬತ್ತು ತೆಗೆದುಬಿಡಿ. ಅದನ್ನ ಯಾರು ಕೇಳ್ತಾರೆ?"

ಕೆಲಸ ನನಗೇ ಬಂತು. ಉಕ್ಕಿನ ಪಟ್ಟಿ ಇಟ್ಟು, ಪಿನ್ನಿನ ಕಡೆ ಬೆರಳಗಲ ಅಂಚು ಬಿಟ್ಟು ಹಳೆಯ ಹಾಳೆ ಕತ್ತರಿಸುವುದು, ಆ ಅಂಚಿಗೆ ಗೋಂದು ಸವರಿ ಹೊಸ ಹಾಳೆ ಕೂರಿಸುವುದು. ಎರಡು ಸಾವಿರ ಪ್ರತಿ. ನಾಲ್ಕು ದಿನ. ಅಚ್ಚುಕಟ್ಟಾಗಿಯೇ ಮಾಡಿದೆ, ಬೆರಳಾಡಿಸಿದರೂ ಅಂಟು ತಿಳಿಯದು. ಎಂಟನೆಯ ಪ್ರಶ್ನೆ ಓದಿ ಪುಟ ತಿರುವಿದರೆ ನಿಮ್ಮ ನಗು. ಅದರ ಹಿಂದೆ ನಿಮ್ಮ ಸಂದೇಶ. ಆಮೇಲೆ ಹತ್ತನೆಯ ಪ್ರಶ್ನೆ. ಅಂಕಿ ಬದಲಿಸುವ ಗೋಜಿಗೂ ಯಾರೂ ಹೋಗಲಿಲ್ಲ. ಕತ್ತರಿಸಿದ ಹಾಳೆಗಳು ರದ್ದಿಗೆ ಹೋದವು. ಒಂದು ಕಟ್ಟನ್ನು ನಾನು ಮನೆಗೆ ತಂದುಕೊಂಡೆ. ರಟ್ಟಿಗೆ ಗಟ್ಟಿತನ ಕೊಡಲು ಒಳಗೆ ಅಂಟಿಸಬಹುದು, ಕಾಗದ ಒಳ್ಳೆಯದಿತ್ತು. ಕೈಪಿಡಿಯದೂ ಒಂದು ಪ್ರತಿ ತಂದು ತಂಗಿಗೆ ಕೊಟ್ಟೆ.

ನನ್ನ ತಂಗಿಯ ವಿಚಾರ ಹೇಳುತ್ತೇನೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಕೋಟುಗಳಿಗೆ ಕೈಯಲ್ಲಿ ಕಾಜಾ ಹಾಕುವುದು. ಗುಂಡಿ ತೂರುವ ಸೀಳಿನ ಸುತ್ತ ದಾರದ ಅಂಚು ಕಟ್ಟುವ ಕೆಲಸ. ಹಾಗಾಗಿ ಬೀದಿಯಲ್ಲಿ ಎಲ್ಲರಿಗೂ ಅವಳು ಕಾಜಾ ಅಕ್ಕ. ದೊಡ್ಡ ಅಧಿಕಾರಿಗಳು ಎದೆಯ ಮೇಲೆ ಕೋಟು ಬಿಗಿದುಕೊಂಡು ನೆಟ್ಟಗೆ ನಿಲ್ಲುತ್ತಾರಲ್ಲ, ಆ ಬಿಗಿ ಅವಳದು. ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ಗಂಟನ್ನು ಬ್ಯಾಂಕಿನವರ ಮಾತು ಕೇಳಿ ಷೇರು ಮಾರುಕಟ್ಟೆಯ ಫಂಡಿಗೆ ಹಾಕಿದಳು. ಆಮೇಲೆ ಮಾರುಕಟ್ಟೆ ಬಿತ್ತು. ಅದೇ ತಿಂಗಳು ಕಣ್ಣಿನ ಡಾಕ್ಟರು ಅವಳ ಎರಡೂ ಕಣ್ಣಿನಲ್ಲಿ ಒತ್ತಡ ಏರಿದೆ ಎಂದರು.

"ಇದರಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಉಳಿಸಿಕೊಳ್ಳೋಕೆ ಆಪರೇಷನ್ನು. ಆರು ವಾರದೊಳಗೆ ಮಾಡಿಸಿಬಿಡಿ" ಎಂದರು ಡಾಕ್ಟರು. ಅವರು ನಗಲಿಲ್ಲ. ಅವರ ಫೋಟೋ ಗೋಡೆಯ ಮೇಲೂ ಇರಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಬಿದ್ದ ಮೇಲೂ ಅವಳ ಫಂಡಿನಲ್ಲಿ ಆಪರೇಷನ್ನಿಗೆ ಸಾಕಾಗುವಷ್ಟು ಇತ್ತು. ಸಾಕಾಗದೇ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ, ಮನೆ ಮಾರುತ್ತಿದ್ದೆ. ಪ್ರಶ್ನೆ ಇದ್ದದ್ದು ಒಂದೇ: ಈಗಲೇ ತೆಗೆಯಬೇಕೋ, ಏರಲಿ ಎಂದು ಕಾಯಬೇಕೋ? ಅದನ್ನು ಕೇಳಲೆಂದೇ ಅವಳು ನಿಮ್ಮ ತಿಳಿವಳಿಕೆ ಸಭೆಗೆ ಬಂದಳು, ನಾನೂ ಜೊತೆಗಿದ್ದೆ. ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಟ್ಟುವ ಮೈಕು, ನಿಮ್ಮ ಮುಂದೆ ಮೂರು ನೀರಿನ ಬಾಟಲು. ನೀವು ಬಾಯಿ ತೆರೆದ ಕೂಡಲೇ ಅಂದು ಫೋನಿನಲ್ಲಿ ಕೇಳಿದ ದನಿ ಇದೇ ಎಂದು ನನಗೆ ಗುರುತಾಯಿತು. ಹೆಮ್ಮೆಯೇ ಆಯಿತೆನ್ನಿ. ತಂಗಿಯ ಕಿವಿಯಲ್ಲಿ "ಇವರ ಫೋಟೋ ಅಂಟಿಸಿದ್ದು ನಾನೇ" ಎಂದೆ. ಅಂಥ ಪೆದ್ದ ನಾನು.

ಅವಳು ಎದ್ದು ನಿಂತು ಕೇಳಿದಳು: "ಸಾರ್, ನನಗೆ ಮುಂದಿನ ತಿಂಗಳೇ ಆಸ್ಪತ್ರೆಗೆ ದುಡ್ಡು ಬೇಕು. ಈಗ ತೆಗೀಲಾ, ಇಲ್ಲಾ ಏರೋವರೆಗೂ ಕಾಯಲಾ?"

ನೀವು ಗಡಿಯಾರ ನೋಡಿದಿರಿ. "ಅಮ್ಮಾ, ಒಬ್ಬೊಬ್ಬರದೂ ಹೇಳ್ತಾ ಕೂತ್ರೆ ಇಲ್ಲೇ ಬೆಳಗಾಗುತ್ತೆ. ಎಲ್ಲಾ ಪುಸ್ತಕದಲ್ಲಿದೆ, ಓದ್ಕೊಳ್ಳಿ." ಸಭೆ ನಕ್ಕಿತು. ಅವಳೂ ನಾಚಿಕೊಂಡು ನಕ್ಕು ಕುಳಿತಳು.

ಪುಸ್ತಕದಲ್ಲಿದೆ! ಮಾನ್ಯರೇ, ಪುಸ್ತಕದಲ್ಲಿ ಏನಿದೆಯೆಂದು ನೀವು ಒಮ್ಮೆಯಾದರೂ ನೋಡಿದ್ದೀರಾ, ನಿಮ್ಮ ಪುಟವೊಂದನ್ನು ಬಿಟ್ಟು? ನಾವು ನೋಡಿದೆವು. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕುಳಿತು ಸಾಲು ಸಾಲು ಓದಿದೆವು. ಮಾರುಕಟ್ಟೆ ಏಕೆ ಬೀಳುತ್ತದೆ? ಬೀಳುವುದು ಅದರ ಸಹಜ ಸ್ವಭಾವ. ಇನ್ನೂ ಎಷ್ಟು ಬೀಳಬಹುದು? ಯಾರೂ ಹೇಳಲಾರರು. ಯಾವಾಗ ಏಳುತ್ತದೆ? ದೀರ್ಘಾವಧಿಯಲ್ಲಿ. ದೀರ್ಘಾವಧಿ ಎಂದರೆ ಎಷ್ಟು? ಅದು ಹೂಡಿಕೆದಾರರ ಗುರಿಯನ್ನು ಅವಲಂಬಿಸಿದೆ. "ನನ್ನ ಗುರಿ ಸೂಜಿಗೆ ದಾರ ಪೋಣಿಸೋದು ಕಣಣ್ಣ, ಅದಕ್ಕೆಷ್ಟು ಅವಧಿ ಅಂತ ಬರೆದಿದ್ದಾರಾ ನೋಡು" ಎಂದಳು. ಆಗಿನ್ನೂ ಅವಳಿಗೆ ತಮಾಷೆ ಬರುತ್ತಿತ್ತು. ಎಂಟನೆಯ ಪ್ರಶ್ನೆ: ಕುಸಿತದ ಸಮಯದಲ್ಲಿ ನನ್ನ ಹೂಡಿಕೆಯನ್ನು ಹಿಂಪಡೆಯಲೇ? ಬೇಡ. ನಷ್ಟ ಸದ್ಯಕ್ಕೆ ಕಾಗದದ ಮೇಲೆ ಮಾತ್ರ ಇದೆ. ಮಾರಿದರಷ್ಟೇ ಅದು ನಿಜವಾಗುತ್ತದೆ. ಪುಟ ತಿರುವಿದೆ. ನಿಮ್ಮ ನಗು. ಅಷ್ಟೊಂದು ಹಲ್ಲು.

ಕಾಜಾದವಳ ಕಣ್ಣು ಮಸುಕಾದರೂ ಎಣಿಕೆ ತಪ್ಪುವುದಿಲ್ಲ. "ಅಣ್ಣ, ಎಂಟಾದ ಮೇಲೆ ಹತ್ತು ಓದಿದೆಯಲ್ಲ. ಒಂಬತ್ತೆಲ್ಲಿ?"

"ಅಲ್ಲಿ ಸಾಹೇಬರ ಫೋಟೋ ಹಾಕ್ಸಿದ್ದಾರಮ್ಮ."

"ಅದರಲ್ಲಿ ಏನಿತ್ತು?"

"ಏನೋ. ಅಷ್ಟು ಮುಖ್ಯವಾಗಿದ್ದಿದ್ರೆ ತೆಗೀತಿದ್ರಾ? ತಿಳಿದವರು ತೆಗೆದಿರೋದು."

ನನ್ನ ಪಾಪ ಈ ಒಂದು ಮಾತಿನಲ್ಲಿದೆ. ಅದನ್ನು ನಿಮ್ಮ ತಲೆಗೆ ಕಟ್ಟಲಾರೆ. ನಾನಿರುವವರೆಗೂ ನಾನೇ ಹೊರುತ್ತೇನೆ. ನಿಮ್ಮ ಪಾಲು ನಿಮಗಿರಲಿ.

ಅವಳು ಕಾದಳು. ಬೇಕಾದ ದುಡ್ಡು ನಾನು ಎಲ್ಲಿಂದಲಾದರೂ ತರುತ್ತೇನೆಂದರೆ ಒಪ್ಪಲಿಲ್ಲ. "ನಂದೇ ಇದೆಯಲ್ಲ, ಇನ್ನೊಂದು ವಾರ, ಸ್ವಲ್ಪ ಮೇಲೆ ಬರಲಿ. ಸರ್ಕಾರದ ಪುಸ್ತಕದಲ್ಲೇ ಬೇಡ ಅಂತ ಬರೆದಿರುವಾಗ ನಾನ್ಯಾಕೆ ಅವಸರ ಬೀಳಲಿ?" ಆರು ವಾರ ಕಳೆಯಿತು, ಎಂಟಾಯಿತು. ಹನ್ನೊಂದನೆಯ ವಾರ ಬೆಳಿಗ್ಗೆ ಎದ್ದು, ಎಡಗಡೆಯ ಬಾಗಿಲು ಯಾರು ಮುಚ್ಚಿದ್ದು ಎಂದು ಕೇಳಿದಳು. ಆ ಕಡೆ ಬಾಗಿಲೇ ಇಲ್ಲ. ಅಂದೇ ದುಡ್ಡು ತೆಗೆಯಲು ಬರೆದುಕೊಟ್ಟು, ಅದು ಕೈಸೇರುವ ತನಕ ಕಾಯದೆ ನಾನು ಸಾಲ ತಂದು ಆಪರೇಷನ್ ಮಾಡಿಸಿದೆ. ಬಲಗಣ್ಣಿನಲ್ಲಿ ಈಗ ಬಾಗಿಲ ಸಂದಿಯಲ್ಲಿ ಇಣುಕಿದಷ್ಟು ಕಾಣುತ್ತದೆ. ನಡೆಯುತ್ತಾಳೆ, ಬಡಿಸಿಕೊಂಡು ಉಣ್ಣುತ್ತಾಳೆ. ಸೂಜಿ ಇಲ್ಲ.

ಕಾಗದದ ಮೇಲಿನ ನಷ್ಟ ಎಂದಿರಲ್ಲ, ನಾನು ಜೀವಮಾನವೆಲ್ಲ ಕಾಗದ ಮುಟ್ಟಿದವನು. ಯಾವುದು ಕಾಗದದ ಮೇಲಿನದು, ಯಾವುದು ಮೈಮೇಲಿನದು ಎಂಬ ವ್ಯತ್ಯಾಸ ನಿಮ್ಮ ಹುದ್ದೆಗೆ ತಿಳಿಯಬೇಡವೇ? ಹಾಗೆಂದು ನಿಮ್ಮ ಕೈಪಿಡಿ ಸುಳ್ಳು ಹೇಳಿತೆನ್ನಲಾರೆ. ಒಂದಕ್ಷರವೂ ಸುಳ್ಳಿಲ್ಲ. ಮಾರುಕಟ್ಟೆ ಎದ್ದಿತು! ಆಪರೇಷನ್ನಿಗೆ ತೆಗೆದು ಉಳಿದದ್ದು ಚೆನ್ನಾಗಿ ಬೆಳೆದಿದೆ, ಅಭಿನಂದನೆಗಳು ಎಂದು ಫಂಡಿನವರ ಕಾಗದ ಹೋದ ತಿಂಗಳು ಬಂತು, ಬಣ್ಣದ ಅಚ್ಚಿನಲ್ಲಿ. ಅವಳಿಗೆ ಓದಲಾಗದು, ನಾನೇ ಓದಿ ಹೇಳಿದೆ. "ಪುಸ್ತಕದೋರು ಹೇಳಿದ್ದು ಸರಿಯಾಯ್ತು ನೋಡು" ಎಂದಳು. ನೀವು ಗೆದ್ದಿರಿ, ಮಾನ್ಯರೇ. ಎರಡು ಸಾವಿರ ಪ್ರತಿಗಳಲ್ಲಿ ಅಚ್ಚಾದ ಒಂದು ಉತ್ತರ ನಿಮ್ಮ ವಾರ್ಷಿಕ ವರದಿಯಲ್ಲಿ ಪಾಸಾಯಿತು. ಕಣ್ಣಿಗೆ ಮಾತ್ರ ದೀರ್ಘಾವಧಿ ಇರಲಿಲ್ಲ.

ಆ ಕಾಗದ ಬಂದ ಮರುದಿನ ಅವಳು ತನ್ನ ಸೂಜಿಪುಸ್ತಕವನ್ನು ನನ್ನ ಕೈಗಿಟ್ಟಳು. ಅದು ನಾನೇ ಕಟ್ಟಿಕೊಟ್ಟದ್ದು. ಒಳಗೆ ಉಣ್ಣೆಬಟ್ಟೆಯ ನಾಲ್ಕು ಹಾಳೆ, ಅದರಲ್ಲಿ ಸೂಜಿಗಳು, ಹೊರಗೆ ಬಟ್ಟೆ ಹೊದಿಸಿದ ರಟ್ಟು. ಕಾರ್ಖಾನೆ ಮುಚ್ಚಿದ ಮೇಲೂ ಅವಳು ಮನೆಯಲ್ಲೇ ಬೀದಿಯವರಿಗೆ ಕಾಜಾ ಹಾಕಿಕೊಡುತ್ತಿದ್ದಳು. ಹಳೆಯ ಸೂಜಿಪುಸ್ತಕ ಹರಿದಿದೆಯೆಂದು ನಿಮ್ಮ ಕೈಪಿಡಿಯ ಕೆಲಸ ಮುಗಿದ ವಾರವೇ ಹೊಸದಾಗಿ ಮಾಡಿಕೊಟ್ಟಿದ್ದೆ. "ಯಾರಾದ್ರೂ ಹುಡುಗಿಗೆ ಕೊಡು. ನನಗೆ ಬರೀ ಚುಚ್ಚುತ್ತೆ" ಎಂದಳು. ಮೂಲೆಯ ಬಟ್ಟೆ ಎದ್ದಿತ್ತು. ಸರಿಮಾಡಿ ಕೊಡೋಣವೆಂದು ಬಿಚ್ಚಿದೆ. ರಟ್ಟಿನೊಳಗೆ ಗಟ್ಟಿತನಕ್ಕೆಂದು ಅಂಟಿಸಿದ ರದ್ದಿ ಹಾಳೆ. ತಲೆಯ ಮೇಲೆ ಅಂಕಿ ಒಂಬತ್ತು.

'೯. ಚಿಕಿತ್ಸೆಗೋ ಬೇರೆ ತುರ್ತಿಗೋ ನನಗೆ ಕೆಲವೇ ತಿಂಗಳಲ್ಲಿ ಹಣ ಬೇಕಾಗಿದೆ. ಮಾರುಕಟ್ಟೆ ಇಳಿದಿದೆ. ಏರುವವರೆಗೆ ಕಾಯಲೇ? ಕಾಯಬೇಡಿ. ಮೇಲಿನ ಎಂಟನೆಯ ಉತ್ತರ ನಿಮಗೆ ಅನ್ವಯಿಸದು. ಬೇಕಾದಷ್ಟನ್ನು ಈಗಲೇ ಹಿಂಪಡೆಯಿರಿ. ಮಾರುಕಟ್ಟೆಗೆ ನಿಮ್ಮ ದಿನಾಂಕ ಗೊತ್ತಿರುವುದಿಲ್ಲ.'

ಹನ್ನೊಂದು ವಾರ ಆ ಉತ್ತರ ಅವಳ ಮಡಿಲಲ್ಲಿತ್ತು. ಪ್ರತಿ ಬೆಳಿಗ್ಗೆ ಅವಳು ಅದನ್ನು ತೆರೆದು ಸೂಜಿ ತೆಗೆಯುತ್ತಿದ್ದಳು.

ನಿಮ್ಮ ಕಚೇರಿಗೆ ಬರೆದೆ. ಉತ್ತರ ಬೇಗನೇ ಬಂತು, ಅದಕ್ಕೆ ಕೃತಜ್ಞತೆಗಳು: 'ಸದರಿ ಕೈಪಿಡಿಯು ಸಾಮಾನ್ಯ ಮಾಹಿತಿಗಾಗಿ ಮಾತ್ರವಿದ್ದು, ವೈಯಕ್ತಿಕ ನಿರ್ಧಾರಗಳಿಗೆ ಈ ಕಚೇರಿಯು ಹೊಣೆಯಲ್ಲವೆಂದು ತಿಳಿಯಪಡಿಸಲಾಗಿದೆ.' ಸಭೆಯಲ್ಲಿ ಎಲ್ಲಾ ಪುಸ್ತಕದಲ್ಲಿದೆ ಎಂದವರು ಯಾರು ಹಾಗಾದರೆ? ಸಭೆಯಲ್ಲಿ ಪುಸ್ತಕ ಹೊಣೆ, ಪತ್ರದಲ್ಲಿ ಓದುಗರು ಹೊಣೆ. ನೀವು ಹೊಣೆಯಾಗಿರುವುದು ಯಾವುದಕ್ಕೆ, ಫೋಟೋಗೆ ಮುಂಚೆ ತಲೆ ಬಾಚಿಕೊಂಡದ್ದಕ್ಕೆ?

ಪರಿಹಾರ ಕೊಡಿ ಎನ್ನುವುದಿಲ್ಲ. ಅವಳ ಕಣ್ಣಿಗೆ ಕೊಡುವಂಥದ್ದು ನಿಮ್ಮ ಖಜಾನೆಯಲ್ಲಿಲ್ಲ. ನನ್ನ ಬೇಡಿಕೆ ಕೈಕೆಲಸದ್ದು. ನಿಮ್ಮ ಉಗ್ರಾಣದಲ್ಲಿ ಇನ್ನೂ ಆರುನೂರು ಪ್ರತಿ ಇವೆಯೆಂದು ಪ್ರೆಸ್ಸಿನವರು ಹೇಳುತ್ತಾರೆ. ಅವನ್ನು ನಿಮ್ಮ ಮೇಜಿಗೆ ತರಿಸಿಕೊಳ್ಳಿ. ಉಕ್ಕಿನ ಪಟ್ಟಿ ಇಟ್ಟು, ಬೆರಳಗಲ ಅಂಚು ಬಿಟ್ಟು, ಆರುನೂರು ಸಲ ನಿಮ್ಮ ಮುಖವನ್ನು ನಿಮ್ಮ ಕೈಯಾರೆ ಕತ್ತರಿಸಿ. ಜವಾನನಿಗೆ ಹೇಳಬೇಡಿ. ಆ ಜಾಗದಲ್ಲಿ ಒಂಬತ್ತನೆಯ ಹಾಳೆ ಅಂಟಿಸಿ. ಮನೆಗೆ ತಂದ ಕಟ್ಟು ನನ್ನ ಬಳಿ ಬಹುಪಾಲು ಹಾಗೇ ಇದೆ, ಕಡಿಮೆ ಬಿದ್ದರೆ ನಾನೇ ಅಚ್ಚು ಹಾಕಿಸಿಕೊಡುತ್ತೇನೆ. ಮುಂದಿನ ಸಭೆಯಲ್ಲಿ ಮೊದಲು ಆ ಪುಟವನ್ನು ಮೈಕಿನ ಮುಂದೆ ನಿಂತು ಓದಿ. ನಾನು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ಪಕ್ಕದಲ್ಲಿ ತಂಗಿಯೂ ಇರುತ್ತಾಳೆ.

ಈ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಅಣ್ಣ, ಆ ಫೋಟೋದಲ್ಲಿ ಅವರು ಈಗಲೂ ನಗ್ತಾನೇ ಇದ್ದಾರಾ?" ಎಂದಳು. ತೆಗೆದು ನೋಡಿದೆ. ಹೌದು ಎಂದೆ.

ಇಂತಿ,
ನಿಮ್ಮ ನಗುವನ್ನು ಎರಡು ಸಾವಿರ ಸಲ ನೀಟಾಗಿ ಅಂಟಿಸಿದ,
ಹೊರಗೆ ಬಿದ್ದ ಹಾಳೆಗಳನ್ನು ಈಗೀಗ ಓದಲು ಕಲಿಯುತ್ತಿರುವ
ಒಬ್ಬ ಬೈಂಡರ್