ಎದುರು ಕುರ್ಚಿಯ ಉತ್ತರ

ಗಾಳಿಕೆರೆ
ಕಾರ್ತಿಕ ಮೂವತ್ತೊಂಬತ್ತು, ಇಸವಿ ೨೬೧೪

ಸಿನಿಮಾ ಕಲಿಯುತ್ತಿದ್ದ ಮಕ್ಕಳೇ,

ನಮ್ಮ ತಿಂಗಳಿಗೆ ನಲವತ್ತು ದಿನ, ತಾರೀಕು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಮಾತು ನನಗೆ ಅರ್ಧಂಬರ್ಧ ಬರುತ್ತದೆ. ಎಡವಿದ ಕಡೆ ನಕ್ಕು ಮುಂದೆ ಓದಿ.

ಹಳೆಯ ಗೋಡೆಯೊಂದನ್ನು ಕೆಡವುವಾಗ, ಹೆಸರು ಬರೆದ ಚೀಟಿಯ ಸಮೇತ ನಿಮ್ಮ ಅಭ್ಯಾಸದ ಚಿತ್ರ ಸಿಕ್ಕಿತು. ರೇಣು ಎಂಬ ಹುಡುಗಿ ಬಾಗಿಲು ತೆರೆದು ಬಂದು, ಕುರ್ಚಿಯಲ್ಲಿ ಕೂತು, "ನನ್ ಮೇಲೆ ನಂಬಿಕೆ ಇದೆಯೋ ಇಲ್ವೋ, ಬಾಯ್ಬಿಟ್ಟು ಹೇಳು" ಎನ್ನುತ್ತಾಳೆ. ಉತ್ತರವಿಲ್ಲ. ಮತ್ತೆ ಬಾಗಿಲು ತೆರೆದು ಬರುತ್ತಾಳೆ, ಮತ್ತೆ ಅದನ್ನೇ ಕೇಳುತ್ತಾಳೆ. ಕೊನೆಗೊಮ್ಮೆ ನಗು ತಡೆಯಲಾರದೆ ಎದ್ದು ಓಡುತ್ತಾಳೆ. ನಮಗೆ ತಲೆಬುಡ ತಿಳಿಯಲಿಲ್ಲ.

ನಮ್ಮಲ್ಲಿರುವುದು ಸುತ್ತುಗಣ್ಣು. ಮನೆಯ ನಡುವೆ ತೂಗುಹಾಕಿದರೆ ನಾಲ್ಕು ಗೋಡೆಯನ್ನೂ ಒಟ್ಟಿಗೆ ಸೆರೆಹಿಡಿಯುವ ಗಾಜಿನ ಗುಂಡು. ಒಂದು ಪಕ್ಕ ತೋರಿಸಿ ಇನ್ನೊಂದನ್ನು ಬಿಡುವ ರೂಢಿ ನಮಗಿಲ್ಲ. ಹಾಗಾಗಿ ರೇಣುವಿನ ಎದುರಿಗೆ ಕೂತವರನ್ನು ಹುಡುಕಿಕೊಂಡು ಜನ ಚಿತ್ರ ಬಿದ್ದ ಗೋಡೆಯ ಹಿಂದಕ್ಕೇ ಹೋಗಿ ಬಂದರು. ಅಲ್ಲಿ ಎಮ್ಮೆ ಕಟ್ಟಿತ್ತು. "ಕುರ್ಚಿ ಜೊತೆ ಜಗಳ ಆಡ್ತಾವ್ಳೆ, ಪಾಪ" ಎಂದಳು ನೆರೆಮನೆಯ ಹೊಂಬವ್ವ.

ನನ್ನ ಮೊಮ್ಮಗಳು ತುಂಬೆ ಮಾತ್ರ ನಗಲಿಲ್ಲ. ಆ ಪ್ರಶ್ನೆ ಅವಳದ್ದೂ ಆಗಿತ್ತು. ಗಾಳಿಯ ಬಲದಿಂದ ಓಡಿ ಕಡಲಿನಿಂದ ಉಪ್ಪು ತರುವ ಹಾಯಿಬಂಡಿಯನ್ನು ಅವಳಪ್ಪ, ನನ್ನ ಮಗ ಮರುಳಪ್ಪ, ನಡೆಸುತ್ತಾನೆ. "ಇನ್ನು ನೀನು ನಡೆಸು" ಎಂದು ಅವನು ಬಾಯಿಬಿಟ್ಟು ಹೇಳದ ಹೊರತು ಹಾಯಿಹಗ್ಗ ಬೇರೆ ಕೈಗೆ ಹೋಗುವಂತಿಲ್ಲ. ಗಾಳಿಯ ಕಾಲ ಹತ್ತಿರವಾದರೂ ಅವನು ಹೂಂ ಎನ್ನಲೊಲ್ಲ, ಊಹೂಂ ಎನ್ನಲೊಲ್ಲ.

"ಎದುರಿಗೆ ಯಾರೋ ಅವ್ರೆ ಅಜ್ಜ. ಅವಳ ಕಣ್ಣು ನೋಡು" ಎನ್ನುತ್ತ ತುಂಬೆ, ನಿಮ್ಮಂತೆ ಒಂದೇ ಪಕ್ಕ ಕಾಣಲೆಂದು ಸುತ್ತುಗಣ್ಣನ್ನು ಮಡಕೆಯೊಳಗಿಟ್ಟು ಒಂದೇ ತೂತು ಕೊರೆದಳು. ರೇಣುವಿನ ಎದುರಿಗಿದ್ದವರ ಬದಲು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, "ಮಾತು ಆಮೇಲೆ, ಮೊದ್ಲು ಸುಮ್ನೆ ನೋಡು" ಎಂದಳು. ಎರಡು ಚಿತ್ರ ಜೋಡಿಸಿ ಗೋಡೆಗೆ ಬಿಟ್ಟರೆ, ರೇಣುವೂ ಬಲಕ್ಕೆ ನೋಡುತ್ತಾಳೆ, ನನ್ನ ಮಗನೂ ಬಲಕ್ಕೇ ನೋಡುತ್ತಾನೆ.

"ಇಬ್ರೂ ಬಂಡಿಗೆ ಕಾಯ್ತಾವ್ರಾ?" ಎಂದಳು ಹೊಂಬವ್ವ.

ಅಪ್ಪ ಎಡಕ್ಕೆ, ರೇಣುವಿನತ್ತ ನೋಡುವಂತೆ ಕಾಣಲೆಂದು ತುಂಬೆ ಮಡಕೆಯನ್ನು ಅವನ ಇನ್ನೊಂದು ಪಕ್ಕಕ್ಕೆ ಒಯ್ದಳು. ಅವನ ನೋಟಕ್ಕೊಂದು ಗುರಿ ಬೇಕೆಂದು ಎದುರು ಕುರ್ಚಿಯಲ್ಲಿ ತಾನೇ ಕೂತು, ರೇಣುವಿನ ಪ್ರಶ್ನೆಯನ್ನು ತಾನೇ ಕೇಳಿದಳು. ಅವನು ಮಗಳನ್ನೇ ನೋಡಿ ಹೇಳಿದ.

"ನಿನ್ ಮೇಲೆ ಐತೆ ಕಣವ್ವ. ಗಾಳಿ ಮೇಲಿಲ್ಲ."

ಅದು ಚಿತ್ರಕ್ಕಾಗಿ ಆಡಿದ ಮಾತೋ, ಮನಸ್ಸಿನ ಮಾತೋ? ಇಡೀ ಊರು ತಲೆ ಕೆರೆದುಕೊಂಡಿತು. ತುಂಬೆ ಏನೂ ಕೇಳದೆ, ಆ ಮಾತಿನ ಹಿಂದೆಯೇ ರೇಣು ನಕ್ಕು ಓಡುವ ತುಣುಕನ್ನು ಅಂಟಿಸಿದಳು. ಈಗ ಅದೇ ನಗು ಬೇರೆಯಾಗಿತ್ತು. ಉತ್ತರ ಕೇಳಿ ಕುಣಿದೆದ್ದು ಓಡಿದಂತಿತ್ತು.

ಮರುಳಪ್ಪ ಗೋಡೆಯನ್ನೇ ನೋಡಿದ. "ಅಷ್ಟು ಮಾತಿಗೇ ಇಷ್ಟು ಖುಷಿಯಾ?" ಎಂದ. ಆಮೇಲೆ ಮಗಳ ಕಡೆ ತಿರುಗಿ, "ಇನ್ನು ನೀನು ನಡೆಸು" ಎಂದ.

ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ನನಗೆ ತಿಳಿಯದು. ಮಕ್ಕಳೇ, ಅಂದು ರೇಣು ನಕ್ಕಿದ್ದು ಯಾಕೆ? ಎದುರಿಗೆ ಕೂತಿದ್ದವರು ಯಾರು? ಅವರು ನಂಬಿಕೆ ಇಲ್ಲ ಎಂದಿದ್ದರೆ ಮಾತ್ರ ದಯವಿಟ್ಟು ನಮಗೆ ತಿಳಿಸಬೇಡಿ. ಇವತ್ತು ಬೆಳಗ್ಗೆ ತುಂಬೆ ಹೊರಟಳು. ಹಾಯಿ ದಿಬ್ಬ ದಾಟುವವರೆಗೆ ಮಗನೂ ನಾನೂ ನೋಡುತ್ತ ನಿಂತೆವು. ದಿಬ್ಬದ ಆಚೆ ಪಕ್ಕ ನಮಗೆ ಕಾಣುವುದಿಲ್ಲ.

ಇಂತಿ,
ಕತೆ ಹೇಳುವ ಕೆಂಚಜ್ಜ