ಬೋರಲು ಹಾಕಿ ಜೋಡಿಸಿದ ಸರೋವರ

ಅಪ್ಪಾ,

ನೀನು ಓದುವುದಿಲ್ಲ ಎಂದು ಗೊತ್ತು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಬೈಯಬೇಡ.

ನೀನು ತೀರಿಕೊಂಡಾಗ ಅರ್ಧವೇ ಆಗಿದ್ದ ಆ ಜಪಾನಿನ ಪಜಲ್ ಇವತ್ತು ಮಧ್ಯಾಹ್ನ ಮುಗಿಯಿತು. ಚಿತ್ರ ನೋಡಿ ಜೋಡಿಸುವುದು ಮಕ್ಕಳಾಟ ಎಂದು ನೀನು ಎರಡು ಸಾವಿರ ತುಂಡನ್ನೂ ಬೋರಲು ಹಾಕಿ, ಬರೀ ಆಕಾರ ನೋಡಿ ಕೂಡಿಸುತ್ತಿದ್ದೆಯಲ್ಲ, ನಾನೂ ಹಾಗೇ ಮಾಡಿದೆ. "ಒಂದು ತುಂಡು ಹುಡುಕಿಕೊಡು ಬಾರೇ" ಎಂದು ನೀನು ಕೊನೆಯ ಸಲ ಕರೆದಾಗ ನನಗೆ ಬಟ್ಟೆ ಒಣಹಾಕುವುದಿತ್ತು.

ನಾನೂ ಅಮ್ಮನೂ ಎರಡು ಹಲಗೆಯ ನಡುವೆ ಹಿಡಿದು ಮಗುಚಿದೆವು. ಹಿಮದ ಬೆಟ್ಟ, ಸರೋವರ, ದೋಣಿ, ಎಲ್ಲ ಡಬ್ಬಿಯ ಮೇಲಿದ್ದಂತೆಯೇ ಇತ್ತು. ಆದರೆ ಡಬ್ಬಿಯ ಮೇಲಿನ ದೋಣಿ ಖಾಲಿ. ನಮ್ಮದರಲ್ಲಿ ಒಬ್ಬರು ಬೆನ್ನು ಹಾಕಿ ಕೂತಿದ್ದಾರೆ. ಎಡ ಭುಜ ನಿನ್ನ ಹಾಗೇ ಇಳಿದಿದೆ.

ನಾನು ಹಲಗೆಯಿಂದ ಕೈ ಹಿಂದೆಗೆದೆ. "ಅವರೇ ಕಣೇ," ಎಂದಳು ಅಮ್ಮ. ಅವಳಿಗೆ ಹೆದರಿಕೆಯೇ ಇಲ್ಲ. ಡಬ್ಬಿಯ ಜೊತೆ ಬಂದಿದ್ದ ಅಂಟಿನ ಪೊಟ್ಟಣ ಒಡೆದು, ತುಂಡುಗಳು ಮತ್ತೆ ಬಿಚ್ಚದಂತೆ ಚಿತ್ರದ ಮೇಲೆ ಅಂಚಿನಿಂದ ಬಳಿಯತೊಡಗಿದಳು.

"ಬೇಡಮ್ಮಾ, ಒಣಗಿದ್ರೆ ಅಪ್ಪನಿಗೆ ಎದ್ದು ಬರೋಕಾಗಲ್ಲ."

"ಎದ್ದು ಹೋಗೋಕೂ ಆಗಲ್ಲ, ಬಿಡು."

ಬೆಟ್ಟ ಮುಗಿಸಿ ಈಗ ನೀರಿಗೆ ಬಂದಿದ್ದಾಳೆ. ನಾನು ದೋಣಿಯನ್ನು ಎಡಗೈಯಿಂದ ಮುಚ್ಚಿ, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಂಟು ಇನ್ನೂ ಇಲ್ಲಿಗೆ ಮುಟ್ಟಿಲ್ಲ, ಅಪ್ಪಾ. ಆದರೂ ಅಂಗೈ ಒದ್ದೆಯಾಗುತ್ತಿದೆ.