ಅಬುಧಾಬಿಗೆ ಹೋದ ಡಾಂಗಲ್

ಹೊಸಂಗಡಿ
ಬುಧವಾರ

ಪ್ರೀತಿಯ ಲತೇಶ,

ಅಣ್ಣನ ಮನೆಯಲ್ಲಿ ಉಂಡುಟ್ಟು ಸುಖವಾಗಿದ್ದೀ ತಾನೇ? ಇಲ್ಲಿ ನಮ್ಮ ಪ್ರೆಸ್ಸು ಉಳಿದದ್ದೇ ಹೆಚ್ಚು. ಕಳ್ಳರ ಭಯಕ್ಕೆ ಡಾಂಗಲನ್ನು ಬೈಕಿನ ಕೀಲಿಗೊಂಚಲಿಗೆ ಪೋಣಿಸಿಕೊಳ್ಳುವವನು ಕಾಸರಗೋಡಿನಲ್ಲಿ ನೀನೊಬ್ಬನೇ. ಆ ಪುಟ್ಟ ಕಡ್ಡಿಯನ್ನು ಕಂಪ್ಯೂಟರಿಗೆ ಚುಚ್ಚದೆ ನಾವು ದುಡ್ಡು ಕೊಟ್ಟು ತಂದ ಅಕ್ಷರಜೋಡಣೆಯ ಸಾಫ್ಟ್‌ವೇರ್ ಬಾಯಿ ಬಿಡದೆಂದು ಗೊತ್ತಿದ್ದೂ, ಗೊಂಚಲು ಜೇಬಿಗಿಳಿಸಿ ವಿಮಾನ ಹತ್ತಿದೆಯಲ್ಲ ಮಹಾರಾಯ.

ಜಲಜಾಕ್ಷಿ ಅಕ್ಕನ ಮಗಳ ನಿಶ್ಚಿತಾರ್ಥದ ಆಮಂತ್ರಣ ಮರುದಿನವೇ ಬೇಕಿತ್ತು. ಒಂದು ಬದಿ ಕನ್ನಡ, ಇನ್ನೊಂದು ಬದಿ ವರನ ಕಡೆಯವರಿಗೆ ಮಲಯಾಳ. ತಲೆಯ ಮೇಲೆ ಕೈಹೊತ್ತು ಕುಳಿತ ನನ್ನನ್ನು ಕಂಡು ಅನ್ವಿತಾ ನಕ್ಕಳು. ಅವಳು ಪುತ್ತಿಗೆಯ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದೇ ಯಾರು ಬೇಕಾದರೂ ಬಳಸಿ ಹಂಚಬಹುದಾದ ಸ್ವತಂತ್ರ ಸಾಫ್ಟ್‌ವೇರಿನಲ್ಲಿ. ಗಂಡನಾದ ನನಗೆ ಅದು ಹೊಳೆದೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಸಂಜೆಯೊಳಗೆ ಅದನ್ನೇ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿಕೊಟ್ಟಳು. ಡಾಂಗಲೂ ಬೇಡ, ಯಾರ ಅಪ್ಪಣೆಯೂ ಬೇಡ.

ಹಾಗೆಂದು ಎಲ್ಲವೂ ಸಲೀಸಲ್ಲ. ನಮ್ಮ ಹಳೆಯ ಫೈಲುಗಳು ಅದರಲ್ಲಿ ತೆರೆಯಲಿಲ್ಲ, ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕರೆಯಲು ಕಂಪನಿಯಿಲ್ಲ, ಇರುವುದು ಅನ್ವಿತಾ. ಅವಳ ತಾಳ್ಮೆಗೆ ವಾರಂಟಿಯಿಲ್ಲ. ಬಿಲ್ಲಿನ ಸಾಫ್ಟ್‌ವೇರನ್ನು ಮಾತ್ರ ಮುಟ್ಟಿಲ್ಲ. ತೆರಿಗೆ ಲೆಕ್ಕ ನೋಡುವ ಹರಿನಾರಾಯಣರಿಗೆ ಅದೇ ಅಭ್ಯಾಸ, ಕೆಟ್ಟರೆ ಕಂಪನಿಯವರು ಬಂದು ಸರಿಮಾಡುತ್ತಾರೆ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನೀನು, "ಹಾಗಾದ್ರೆ ಇನ್ನು ನಾನು ಎಂತಕ್ಕೆ ಮಾರಾಯ? ಅಣ್ಣ ಇಲ್ಲೇ ಕೆಲಸ ಉಂಟು ಅಂತಾನೆ" ಎಂದು ಫೋನಿಟ್ಟೆ. ಅದಕ್ಕೇ ಈ ಪತ್ರ ಬರೆದು, ನಾಳೆ ಅತ್ತ ಹೊರಡುವ ಕುಶಲನ ಕೈಯಲ್ಲಿ ಹಲಸಿನ ಹಪ್ಪಳದ ಜೊತೆ ಕಳಿಸುತ್ತಿದ್ದೇನೆ.

ಫೋನಿನಲ್ಲಿ ಹೇಳಲಾಗದೆ ಉಳಿದದ್ದು ಇದು: ಜಲಜಾಕ್ಷಿ ಅಕ್ಕ ಆಮಂತ್ರಣವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ. ತಪ್ಪೇನೂ ಇಲ್ಲ, ಆದರೆ ಶಾಲೆಯ ಪ್ರಶ್ನೆಪತ್ರಿಕೆಯ ಹಾಗಿದೆ ಎಂದುಬಿಟ್ಟರು. ಹೌದು ಕಣೋ, ಅಂಚಿನ ಚಿತ್ತಾರದ ಬಳ್ಳಿ ಎಲ್ಲಿ ಹಬ್ಬಬೇಕು, ಹಿರಿಯರ ಹೆಸರಿನ ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದು ನನಗೂ ಗೊತ್ತಿಲ್ಲ, ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ. ನಿನ್ನ ಗೊಣಗಾಟವಿಲ್ಲದೆ ನನಗೆ ಇಲ್ಲಿ ಹೊತ್ತೂ ಹೋಗುವುದಿಲ್ಲ.

ಅಕ್ಕ ಮೆಟ್ಟಿಲಿಳಿಯುತ್ತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮದುವೆಯ ಕಾಗದ ಲತೇಶನೇ ಮಾಡ್ಬೇಕು. ಅವ ಬರುದಿಲ್ಲ ಅಂತಾದ್ರೆ ನಂಗೆ ಕಾಗದವೇ ಬೇಡ, ಮನೆಮನೆಗೆ ಹೋಗಿ ಬಾಯಲ್ಲೇ ಕರೀತೇನೆ."

ಅವರ ಮಂಡಿನೋವು ನಿನಗೆ ಗೊತ್ತೇ ಇದೆ. ಬೇಗ ಬಾ. ನಮ್ಮ ಅನಂತಪುರದ ಕೆರೆಯ ದೇವರು ನಿನ್ನನ್ನು ಕ್ಷೇಮವಾಗಿ ಊರು ಮುಟ್ಟಿಸಲಿ.

ಇಂತು, ನಿನ್ನ ಪಾಲುದಾರ
ವಿಜೇತ್